ಗಾಳಿಗೆ ಎಣ್ಣೆ ಯಾಕೆ

ನನ್ನ ಗಂಡನಿಗೆ ಗೊತ್ತಿಲ್ಲದ ವಿಷಯ ಈ ಜಗತ್ತಿನಲ್ಲಿ ಒಂದೂ ಇಲ್ಲ. ಅರ್ಧ ಆಯುಷ್ಯ ಪಂಕ್ಚರ್ ಅಂಗಡಿಯಲ್ಲೇ ಕಳೆದವರು. ಟೈರಿಗೆ ಒಂದು ಏಟು ಹಾಕಿ ಒಳಗೆ ಗಾಳಿ ಎಷ್ಟಿದೆ ಅಂತ ಹೇಳಿಬಿಡುತ್ತಾರೆ, ಅದನ್ನು ನಾನೂ ಒಪ್ಪುತ್ತೇನೆ. ಆದರೆ ಅದೇ ಜೋರಿನಲ್ಲಿ ಡಾಕ್ಟರ ಔಷಧಿ, ಪಕ್ಕದ ಮನೆಯವರ ಜಗಳ, ನನ್ನ ಒಗ್ಗರಣೆ ಎಲ್ಲದರಲ್ಲೂ ಮೂಗು ತೂರಿಸುತ್ತಾರಲ್ಲ, ಅದಕ್ಕೇನು ಮಾಡೋಣ?

ಅಳಿಯ ನಮ್ಮ ಮನೆಯಲ್ಲೇ ಇದ್ದಾನೆ. ಮನೆ ಅಳಿಯ ಅನ್ನುವ ಮಾತನ್ನು ಇವರು ಅವನಿಗೆ ಕೇಳುವ ಹಾಗೆಯೇ ಆಡುತ್ತಾರೆ. ಪಾಪ, ಅವನು ಮಾತಿಗೆ ಮಾತು ಬೆಳೆಸುವವನಲ್ಲ. ಗುಜರಿಯಲ್ಲಿ ನುಜ್ಜುಗುಜ್ಜಾಗಿ ಬಿದ್ದಿದ್ದ ಕಾರಿನಿಂದ ಎ.ಸಿ. ಕಂಪ್ರೆಸರ್ ಬಿಚ್ಚಿಸಿ ತಂದ. ಅದನ್ನು ತನ್ನ ಹಳೇ ವ್ಯಾನಿನ ಎಂಜಿನ್ ಪಕ್ಕ ಕೂರಿಸಿ, ಬೇರೆ ಬೆಲ್ಟ್ ಹಾಕಿ, ಹಿಂದೆ ಒಂದು ಟ್ಯಾಂಕ್ ಕಟ್ಟಿದ. ಕಾರನ್ನು ತಂಪು ಮಾಡುತ್ತಿದ್ದ ಯಂತ್ರ ಈಗ ಟೈರಿಗೆ ಗಾಳಿ ತುಂಬತೊಡಗಿತು. ಲಾರಿ ನಿಂತಲ್ಲಿಗೇ ಹೋಗಿ ಚಕ್ರದ ಕೆಲಸ ಮಾಡಬಹುದು. ಲಾರಿ ಯಾರ್ಡಿನ ಫೋರ್‌ಮನ್, "ಒಂದ್ಸಲ ತಂದು ತೋರಿಸು, ಸರಿಯಿದ್ರೆ ನಮ್ಮ ಚಕ್ರದ ಕೆಲಸ ಎಲ್ಲಾ ನಿಂದೇ" ಅಂದಿದ್ದ. ಅದು ಕೈಗೆ ಬಂದರೆ ಮಗಳು ಅಳಿಯ ಬೇರೆ ಮನೆ ಮಾಡುವವರಿದ್ದರು. ಮಗಳು ಮನೆಯನ್ನೂ ನೋಡಿ, ಕಿಟಕಿ ಪರದೆಗೆ ಅಳತೆ ತೆಗೆದುಕೊಂಡು ಬಂದಾಗಿತ್ತು.

ಊಟಕ್ಕೆ ಕೂತಾಗ ಅಳಿಯ ನನಗೆ ಬಿಡಿಸಿ ಹೇಳಿದ್ದ. "ಅತ್ತೆ, ಕಾರಲ್ಲಿದ್ದಾಗ ಗ್ಯಾಸ್ ಜೊತೆ ಎಣ್ಣೆನೂ ಸುತ್ತಾಡ್ಕೊಂಡು ವಾಪಸ್ ಬರುತ್ತೆ. ಈಗ ಬರೀ ಗಾಳಿ ಅಲ್ವಾ, ಹೋದ ಎಣ್ಣೆ ಹೋದಂಗೇ. ಅದಕ್ಕೇ ಇದರ ಹೊಟ್ಟೇಲಿ ಯಾವಾಗ್ಲೂ ಎಣ್ಣೆ ಇರಲೇಬೇಕು. ಸ್ವಲ್ಪ ಉಗುಳುತ್ತೆ, ಅದನ್ನ ಹಿಡಿಯೋಕೆ ಒಂದು ಬಾಟ್ಲಿ ಹಾಕ್ತೀನಿ." ಈ ಮನೆಯಲ್ಲಿ ನನ್ನನ್ನು ಲೆಕ್ಕಕ್ಕಿಟ್ಟು ಮಾತಾಡುವವನು ಅವನೊಬ್ಬನೇ. ಹೇಳಿದ್ದೆಲ್ಲ ತಲೆಯಲ್ಲಿ ಕೂತಿತ್ತು.

ಯಾರ್ಡಿಗೆ ಹೋಗುವ ದಿನ ಬೆಳಗ್ಗೆ ನೋಡುತ್ತೇನೆ, ಪಾತ್ರೆ ತೊಳೆಯುವ ಜಾಗದಲ್ಲಿ ನನ್ನ ಪುಟ್ಟ ಬೋಗುಣಿ ತುಂಬ ತೆಳ್ಳನೆಯ ಎಣ್ಣೆ. ಇವರು ಕೈ ಒರೆಸಿಕೊಳ್ಳುತ್ತಿದ್ದರು.

"ಏನ್ರೀ ಇದು?"

"ನಿನ್ನೆ ನನ್ನ ಅಂಗಿ ಮೇಲೆಲ್ಲಾ ಉಗುಳ್ತು ಕಣೇ ಅವನ ಕಂಪ್ರೆಸರ್. ಗಾಳಿಗೆ ಎಣ್ಣೆ ಯಾಕೆ? ಬಸಿದುಬಿಟ್ಟೆ. ಅವನಿಗೆ ಹೇಳ್ಬೇಡ. ಚೆನ್ನಾಗಿ ಓಡಿದ ಮೇಲೆ ನಾನೇ ಹೇಳ್ತೀನಿ, ಆಗ ಗೊತ್ತಾಗ್ಲಿ ಮಾವ ಅಂದ್ರೆ ಯಾರು ಅಂತ."

ಮಾತು ನಾಲಿಗೆ ತುದಿಗೆ ಬಂತು, ನುಂಗಿಕೊಂಡೆ. ಬೆಳಬೆಳಗ್ಗೆ ಇವರ ಬಾಯಿಗೆ ಯಾರು ಬೀಳುವುದು ಅಂದುಕೊಂಡೆ. ಅಳಿಯ ಹಿಂದಿನ ಸಂಜೆಯೇ ಎಣ್ಣೆ ನೋಡಿಟ್ಟಿದ್ದರಿಂದ ಮತ್ತೆ ನೋಡಲಿಲ್ಲ. ಇವರು ತಾವೂ ಬರುತ್ತೇನೆ ಅಂತ ವ್ಯಾನ್ ಹತ್ತಿದರು, ಇವರ ನಾಲಿಗೆ ಕಾಯಲು ನಾನೂ ಹತ್ತಿದೆ.

ಮೊದಲ ಚಕ್ರ ಜಮ್ಮೆಂದು ತುಂಬಿತು. ಫೋರ್‌ಮನ್ ತಲೆಯಾಡಿಸಿದ. ಇವರು ನನ್ನ ಕಡೆ ತಿರುಗಿ ಮೀಸೆ ಮುಟ್ಟಿಕೊಂಡರು. ಎರಡನೆಯದಕ್ಕೆ ಪೈಪು ಹಾಕಿದ್ದೇ ತಡ, ಬಾನೆಟ್ ಅಡಿಯಿಂದ ಕಿರ್ರೋ ಎಂದು ಕಿವಿ ಹರಿಯುವ ಸದ್ದು, ರಬ್ಬರ್ ಸುಟ್ಟ ಹೊಗೆ, ಆಮೇಲೆ ಬೆಲ್ಟ್ ಪಟಾರನೆ ಕಿತ್ತು ಬಿತ್ತು. ಡ್ರೈವರುಗಳೆಲ್ಲ ಸುತ್ತ ಸೇರಿದರು.

"ನೋಡಿದ್ರಾ!" ಅಂದರು ಇವರು, ಎಲ್ಲರಿಗೂ ಕೇಳುವ ಹಾಗೆ. "ಗುಜರಿ ಸಾಮಾನು, ಗುಜರಿ ಬುದ್ಧಿ! ಇದೆಲ್ಲಾ ಆಗೋ ಹೋಗೋ ಕೆಲಸ ಅಲ್ಲ ಅಂತ ನಾನು ಬಡ್ಕೊಂಡೆ ಸಾರ್, ನನ್ನ ಮಾತು ಯಾರು ಕೇಳ್ತಾರೆ?"

ಥೂ! ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಳಿಯ ಬಗ್ಗಿ ಕಂಪ್ರೆಸರಿನ ತಿರುಪು ಬಿಚ್ಚಿ, ಒಳಗೆ ತಂತಿ ಇಳಿಸಿ ತೆಗೆದ. ತಂತಿ ಒಣಗಿತ್ತು. ಅಡಿಯ ತಿರುಪಿನ ಮೇಲೆ ಹೊಸದಾಗಿ ಸ್ಪ್ಯಾನರ್ ಉಜ್ಜಿದ ಗುರುತು ನೋಡಿದ. ಆಮೇಲೆ ಇವರ ಮುಖ ನೋಡಿದ. ಇವರು ಲಾರಿಗಳನ್ನು ಎಣಿಸುವವರಂತೆ ಅತ್ತ ತಿರುಗಿದರು.

"ನನ್ನ ತಪ್ಪು ಸಾರ್," ಅಂದ ಅಳಿಯ. "ಎಣ್ಣೆ ಹಾಕೋದು ಮರೆತೆ."

"ಎಣ್ಣೆ ಮರೆಯೋನ ಕೈಗೆ ನನ್ನ ಚಕ್ರ ಹೆಂಗಪ್ಪಾ ಕೊಡ್ಲಿ?" ಅಂದ ಫೋರ್‌ಮನ್. ಬೈಯಲೂ ಇಲ್ಲ, ಒಳಗೆ ಹೋದ. ನಾನು ಅಲ್ಲೂ ಬಾಯಿ ಬಿಡಲಿಲ್ಲ. ಅಷ್ಟು ಜನ ಗಂಡಸರ ಮುಂದೆ ಕಟ್ಟಿಕೊಂಡ ಗಂಡನ ಮಾನ ತೆಗೆಯುವುದು ಹೇಗೆ? ಅಳಿಯನ ಮಾನ ಹೋಗುತ್ತಿದ್ದದ್ದನ್ನು ಮಾತ್ರ ನಿಂತು ನೋಡಿದೆ.

ಮನೆಗೆ ಬಂದು ಊಟಕ್ಕೆ ಕೂತರು. ಇವರು ಹೊಗೆ ಎಷ್ಟೆತ್ತರ ಎದ್ದಿತು ಅಂತ ಕೈಯೆತ್ತಿ ವರ್ಣಿಸಿದರು. ಮಗಳು ಗಂಡನ ಮೇಲೆ ಹರಿಹಾಯ್ದಳು. "ಮರೆತ್ರಾ? ಇಷ್ಟು ದಿನ ಎಣ್ಣೆ ಎಣ್ಣೆ ಅಂತ ಜಪ ಮಾಡಿ, ಇವತ್ತೇ ಮರೆತ್ರಾ? ಥೂ, ನಿಮ್ಮನ್ನ ನಂಬಿದ್ನಲ್ಲ!" ಅವಳ ಕಣ್ಣಲ್ಲಿ ನೀರು. ಅವನು ಅನ್ನ ಕಲಸುತ್ತಲೇ ಇದ್ದ.

ಆಗ ನನಗೆ ತಡೆಯಲಾಗಲಿಲ್ಲ. ಎದ್ದು ಹೋಗಿ ಬೋಗುಣಿ ತಂದು ಇವರ ತಟ್ಟೆಯ ಮುಂದೆ ಕುಕ್ಕಿದೆ. ಎಣ್ಣೆ ತುಳುಕಿ ಅನ್ನದ ಮೇಲೆ ಬಿತ್ತು.

"ಬಸಿದೋರು ನಿಮ್ಮಪ್ಪ ಕಣೇ. ಅವನನ್ನ ಯಾಕೆ ಬೈತೀಯ? ನಾಚಿಕೆ ಆಗ್ಬೇಕು ಈ ಮನುಷ್ಯನಿಗೆ!"

ಇವರು ತಲೆ ತಗ್ಗಿಸಿ, ಎಣ್ಣೆ ಬಿದ್ದ ಅನ್ನವನ್ನು ಬೆರಳಿನಿಂದ ತಟ್ಟೆಯ ಅಂಚಿಗೆ ಸರಿಸತೊಡಗಿದರು. ಮದುವೆಯಾದಾಗಿನಿಂದ ಇವರನ್ನು ಹಾಗೆ ಕಂಡಿರಲಿಲ್ಲ, ನನ್ನೆದೆ ಹಗುರವಾಯಿತು. ಅಳಿಯ ಈಗ ನನ್ನತ್ತ ನೋಡುತ್ತಾನೆ, ಅತ್ತೆ ಇದ್ದದ್ದಕ್ಕೆ ಬಚಾವಾದೆ ಅಂದುಕೊಳ್ಳುತ್ತಾನೆ ಅಂತ ಕಾದೆ.

ಅವನು ಬೋಗುಣಿಯನ್ನೇ ನೋಡುತ್ತಿದ್ದ.

"ಬೆಳಗ್ಗೇನೇ ಗೊತ್ತಿತ್ತಾ ಅತ್ತೆ?"

ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಬದುಕಿಕೊಳ್ಳುತ್ತಿದ್ದೆ. ಇವರ ಬಾಯಿಗೆ ಹೆದರಿದೆ ಅನ್ನಲು ಹೊರಟೆ, ಅದು ಸುಳ್ಳು ಅಂತ ನನಗೇ ಹೊಳೆಯಿತು. ಇವರ ಬಾಯಿಗೆ ನಾನು ಎಂದು ಹೆದರಿದ್ದೆ? ಮಗಳು ಪರದೆಯ ಅಳತೆ ತಂದ ದಿನದಿಂದ ನನ್ನೊಳಗೊಂದು ದಿಗಿಲಿತ್ತು. ಮಗಳು ಅಳಿಯ ಇಬ್ಬರೂ ಹೊರಟುಹೋದರೆ ಈ ಮನೆಯಲ್ಲಿ ಈ ಮನುಷ್ಯನ ಜೊತೆ ನಾನೊಬ್ಬಳೇ.

"ಗೊತ್ತಿತ್ತು ಕಣಪ್ಪಾ," ಅಂದೆ.

ಮಗಳು ನನ್ನ ಮುಖ ನೋಡಿದಳು. ಬೆಳಗ್ಗೆ ನಾನು ಯಾಕೆ ಬಾಯಿ ಬಿಡಲಿಲ್ಲ ಅಂತ ಅವಳಿಗೆ ಅರ್ಥವಾಯಿತು, ಹೆತ್ತ ಮಗಳಲ್ಲವೇ. ಅಳಿಯನಿಗೆ ಸಾರು ಹಾಕಲು ನಾನು ಸೌಟು ಎತ್ತಿದೆ. ಅವಳು ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಗಂಡನಿಗೆ ತಾನೇ ಬಡಿಸಿದಳು.