ಅರ್ಧ ಸುತ್ತು

ಮೇಸ್ತ್ರಿಗೆ ಒಂದು ಕೆಟ್ಟ ಚಾಳಿಯಿತ್ತು. ಎಲ್ಲಿ ಏನು ಕೆಟ್ಟರೂ ಮೊದಲು ಸುತ್ತಿಗೆ, ಆಮೇಲೆ ಯೋಚನೆ. ಆ ಬೆಳಿಗ್ಗೆಯೂ ಹಾಗೇ ಆಯಿತು. ಹೊಸ ಸ್ನಾನದ ಮನೆಯಲ್ಲಿ ಮನೆಯೊಡತಿ, ಬಿಸಿನೀರು ತಣ್ಣೀರು ಬೆರೆಸುವ ವಾಲ್ವ್‌ನ ಹಿಡಿಯನ್ನು ನೀಲಿ ಗುರುತಿನ ಕಡೆ ತಿರುಗಿಸಿ ಕೈಯೊಡ್ಡಿದ್ದರು. ಬಂದದ್ದು ಸುಡುಸುಡು ನೀರು. ಕೆಂಪಿನ ಕಡೆ ತಿರುಗಿಸಿದರೆ ತಣ್ಣೀರು. ಟಬ್ಬಿನ ನಲ್ಲಿಯಲ್ಲೂ ಅದೇ ಕಥೆ, ಮೇಲಿನ ಶವರಿನಲ್ಲೂ ಅದೇ ಕಥೆ. ಕೆಂಪಗಾದ ಬೆರಳಿಗೆ ಉಫ್ ಎಂದು ಊದಿಕೊಳ್ಳುತ್ತ ಅವರು ಫೋನ್ ಮಾಡಿದ್ದೇ ತಡ, ಮೇಸ್ತ್ರಿ ಉಳಿ, ಸುತ್ತಿಗೆ ಹಿಡಿದು ಹಾಜರಾದ.

ಅವನ ಹಿಂದೆಯೇ ಮಾವ, ಸೊಸೆ ಬಂದರು. ಮಾವ ಮೂವತ್ತೈದು ವರ್ಷ ಪೈಪ್ ಕೆಲಸ ಮಾಡಿದವರು. ಸೊಸೆ ಆರು ವರ್ಷದಿಂದ ಅವರ ಕೈಕೆಳಗೆ ಕಲಿತವಳು. ಈ ಮನೆಯಲ್ಲಿ ಗೋಡೆಯೊಳಗಿನ ಪೈಪ್ ಮಾವನದು, ಅದಕ್ಕೆ ವಾಲ್ವ್ ಕೂರಿಸಿದ್ದು ಸೊಸೆ. ಅವಳು ಒಬ್ಬಳೇ ಕೂರಿಸಿದ ಮೊದಲ ವಾಲ್ವ್ ಅದು.

"ನಾನು ಅವತ್ತೇ ಹೇಳಿದ್ದೆ ಅಣ್ಣಾ," ಎಂದ ಮೇಸ್ತ್ರಿ, ಸೊಸೆಯ ಕಡೆ ತಿರುಗಿಯೂ ನೋಡದೆ. "ಇದು ಹೆಣ್ಣುಮಕ್ಕಳ ಕೈಲಾಗೋ ಕೆಲಸ ಅಲ್ಲ. ಬಿಸಿದು, ತಣ್ಣಂದು ಅದಲುಬದಲು ಮಾಡಿ ಸೇರಿಸಿದ್ದಾಳೆ. ಈಗ ಟೈಲ್ಸ್ ಒಡೀಬೇಕು. ಸೋಮವಾರದಿಂದ ಮೇಲಿನ ಮಹಡಿ ಕೆಲಸಕ್ಕೆ ನೀವೊಬ್ಬರೇ ಬನ್ನಿ. ಇವಳು ಮನೇಲಿರಲಿ."

ಆರು ವರ್ಷ ಮೊಣಕಾಲು ಸವೆಸಿ ಕಲಿತ ಕೆಲಸ ಒಂದೇ ಮಾತಿಗೆ ಕೈತಪ್ಪುವುದರಲ್ಲಿತ್ತು. ಸೊಸೆಗೆ ಮೈಯೆಲ್ಲ ಉರಿದುಹೋಯಿತು. ಅವಳು ಚಪ್ಪಲಿ ಬಿಟ್ಟು ಟಬ್ಬಿನೊಳಗೆ ಇಳಿದು, ವಾಲ್ವ್ ಇದ್ದ ಗೋಡೆಗೆ ಬೆನ್ನು ಕೊಟ್ಟು ಕೂತುಬಿಟ್ಟಳು.

"ಏಳಮ್ಮಾ, ಕೆಲಸ ಆಗ್ಬೇಕು."

"ಏಳಲ್ಲ. ಎಲ್ಲಿ ತಪ್ಪಾಗಿದೆ ಅಂತ ನೋಡದೆ ಗೋಡೆ ಒಡೆಯೋಕೆ ನಾನು ಬಿಡಲ್ಲ."

"ನೋಡಿ ಅಣ್ಣಾ, ನಿಮ್ಮ ಸೊಸೆ ಹಟಾನ."

ಮಾವ ಬಾಗಿಲ ಚೌಕಟ್ಟು ಹಿಡಿದು ಸುಮ್ಮನೆ ನಿಂತಿದ್ದರು. ಅದೇ ಸೊಸೆಗೆ ಸೋಜಿಗ. ಬೇರೆ ದಿನವಾಗಿದ್ದರೆ ಮೇಸ್ತ್ರಿಗೆ ಇಷ್ಟು ಹೊತ್ತಿಗೆ ಮಂಗಳಾರತಿ ಆಗಿರುತ್ತಿತ್ತು.

ಅವಳು ಮನೆಯೊಡತಿಗೆ ಹೇಳಿದಳು: "ಅರ್ಧ ಗಂಟೆ ಕೊಡಿ ಅಮ್ಮಾ. ಸರಿಹೋಗ್ಲಿಲ್ಲ ಅಂದ್ರೆ ಇವರ ಕೈಗೆ ಸುತ್ತಿಗೆ ನಾನೇ ಕೊಡ್ತೀನಿ."

ಮನೆಯೊಡತಿಗೆ ಆ ಹೊಸ ಟೈಲ್ಸ್ ಅಂದರೆ ಪ್ರಾಣ. "ಕೂತ್ಕೊಳ್ಳಿ ಮೇಸ್ತ್ರಿಗಳೇ, ಅರ್ಧ ಗಂಟೇಲಿ ಏನೂ ಮುಳುಗಿಹೋಗಲ್ಲ," ಎಂದರು.

ಸೊಸೆ ಮೊದಲು ಕೈ ತೊಳೆಯುವ ಬೇಸಿನ್ನಿನ ನಲ್ಲಿ ತಿರುಗಿಸಿ ನೋಡಿದಳು. ಅಲ್ಲಿ ಬಿಸಿ ಬಿಸಿಯಾಗಿಯೇ ಇತ್ತು, ತಣ್ಣಗಿನದು ತಣ್ಣಗೇ. ಅಂದರೆ ಗೀಸರ್ ಕಡೆಯಿಂದ ತೊಂದರೆಯಿಲ್ಲ. ತಪ್ಪು ಈ ಗೋಡೆಯಲ್ಲೇ. ಗೋಡೆಯ ಆಚೆಗೇನಿದೆ ಎಂದು ನೋಡಲು ಅವಳು ಹಿಂದಿನ ಉಗ್ರಾಣಕ್ಕೆ ಹೋದಳು.

ಅಲ್ಲಿ ಗೋಡೆಯ ಮೇಲೆ ಹೊಸ ಸಿಮೆಂಟಿನ ತೇಪೆಯಿತ್ತು. ಅದನ್ನು ಕಂಡ ಕೂಡಲೇ ಅವಳಿಗೆ ಎಲ್ಲವೂ ಗೊತ್ತಾಯಿತು. ಪೈಪ್ ಕೆಲಸದ ವಾರ ಮಾವನ ಮಂಡಿ ಊದಿಕೊಂಡಿತ್ತು. ಟಬ್ಬಿನೊಳಗೆ ಇಳಿಯಲಾರದೆ ಅವರು ಉಗ್ರಾಣದ ಕಡೆಯಿಂದ ಗೋಡೆ ಕೊರೆದು ಪೈಪ್ ಹಾಕಿದ್ದರು. ಬಿಸಿನೀರು ಯಾವತ್ತೂ ಎಡಕ್ಕೆ, ಅದು ಅವರ ಜನ್ಮದ ರೂಢಿ. ಇಲ್ಲಿ ನಿಂತು ತಮ್ಮ ಎಡಕ್ಕೆ ಹಾಕಿದ್ದರು. ಇಲ್ಲಿಯ ಎಡ ಸ್ನಾನದ ಮನೆಗೆ ಬಲ. ನೀರಿನ್ನೂ ಬಂದಿರದ ಮನೆಯಲ್ಲಿ, ಮಾವನ ರೂಢಿಯನ್ನೇ ನಂಬಿ, ಒಂದು ಮಾತೂ ಕೇಳದೆ ವಾಲ್ವ್ ಕೂರಿಸಿದ್ದಳು ಸೊಸೆ.

ತಿರುಗಿದರೆ ಮಾವ ಹಿಂದೆಯೇ ನಿಂತಿದ್ದರು.

"ನಂದೇ ತಪ್ಪು ಕಣಮ್ಮ. ಬಾಗಿಲಲ್ಲಿ ನಿಂತಾಗಲೇ ಹೊಳೀತು, ಬಾಯಿ ಬರ್ಲಿಲ್ಲ. ಹೋಗಿ ಹೇಳ್ಬಿಡ್ತೀನಿ."

"ಈಗ ಬೇಡ ಮಾವ. ಈಗ ಹೇಳಿದ್ರೆ ಗೋಡೇನೂ ಒಡೀತಾನೆ, ನಮ್ಮಿಬ್ಬರನ್ನೂ ಕಳಿಸ್ತಾನೆ. ಮೊದಲು ಸರಿ ಮಾಡ್ತೀನಿ."

ಅವಳು ನೀರು ಬಂದ್ ಮಾಡಿ ಬಂದು ಚೀಲದಿಂದ ಮಡಚಿದ ಒಂದು ಕಾಗದ ತೆಗೆದಳು. ವಾಲ್ವ್‌ನ ಡಬ್ಬಿಯಲ್ಲಿ ಬಂದದ್ದು. ಬೇರೆಯವರು ಡಬ್ಬಿಯ ಜೊತೆಗೇ ಬಿಸಾಡುವುದನ್ನು ಅವಳು ಜೋಪಾನ ಮಾಡುತ್ತಿದ್ದಳು.

"ಚೀಟಿ ಓದ್ಕೊಂಡು ರಿಪೇರಿ," ಎಂದು ಮೇಸ್ತ್ರಿ ನಕ್ಕ.

"ಓದೋಕೆ ಬರುತ್ತಲ್ಲ, ಅದಕ್ಕೆ ಓದ್ತಿದೀನಿ."

ಪೈಪ್ ಅದಲುಬದಲಾಗಿದ್ದರೆ ವಾಲ್ವ್‌ನ ಹೊಟ್ಟೆಯೊಳಗಿನ ತುಂಡನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಬೇಕೆಂದು ಕಾಗದದಲ್ಲಿ ಚಿತ್ರವಿತ್ತು. ಅವಳು ಸ್ಕ್ರೂ ಬಿಚ್ಚಿ ಹಿಡಿ ತೆಗೆದಳು, ಅದರ ಹಿಂದೆ ಗೋಡೆಗೆ ಮುಚ್ಚಿದ್ದ ತಟ್ಟೆ ತೆಗೆದಳು, ಕ್ಲಿಪ್ ಎಳೆದಳು. ಹೆಬ್ಬೆರಳಿನಷ್ಟು ದಪ್ಪದ ಆ ತುಂಡನ್ನು ಇಕ್ಕಳದಲ್ಲಿ ಹೊರಗೆಳೆದು, ಅರ್ಧ ಸುತ್ತು ತಿರುಗಿಸಿ ಒತ್ತಿದಳು. ಅದು ಕೂರಲಿಲ್ಲ. ಮೇಸ್ತ್ರಿ ಗಂಟಲು ಸರಿಮಾಡಿಕೊಂಡು ಸುತ್ತಿಗೆಗೆ ಕೈ ಹಾಕಿದ. ಅವಳು ಸೆರಗಿನಲ್ಲಿ ಕೈಯೊರೆಸಿ, ತುಂಡಿನ ಗೀಟು ಸರಿಯಾಗಿ ನೋಡಿ ಇನ್ನೊಮ್ಮೆ ಒತ್ತಿದಳು. ಟಕ್ಕೆಂದು ಕೂತಿತು.

ಎಲ್ಲ ಮತ್ತೆ ಜೋಡಿಸಿ ನೀರು ಬಿಟ್ಟು, ಹಿಡಿಯನ್ನು ನೀಲಿಗೆ ತಿರುಗಿಸಿದಳು.

"ಮೇಸ್ತ್ರಿಗಳೇ, ಕೈ ಇಡಿ."

ಮೇಸ್ತ್ರಿ ಕೈ ಚಾಚಿ, ಹಿಂದಕ್ಕೆಳೆದುಕೊಂಡು, ಎಲ್ಲರೂ ನೋಡುತ್ತಿದ್ದಾರಲ್ಲ ಎಂದು ಮತ್ತೆ ಚಾಚಿದ. ತಣ್ಣಗಿತ್ತು. ಕೆಂಪಿಗೆ ತಿರುಗಿಸಿದಾಗ ಹಬೆ ಎದ್ದಿತು. ಮನೆಯೊಡತಿ ಜೋರಾಗಿಯೇ ನಕ್ಕರು.

"ಸರಿ ಬಿಡು, ನಿನ್ನ ತಪ್ಪನ್ನ ನೀನೇ ತಿದ್ದಿಕೊಂಡೆ," ಎಂದ ಮೇಸ್ತ್ರಿ.

"ಅವಳ ತಪ್ಪಲ್ಲ." ಮಾವ ಒಳಗೆ ಬಂದರು. "ಪೈಪ್ ತಪ್ಪು ಹಾಕಿದ್ದು ನಾನು. ಹಿಂದಿನಿಂದ ಹಾಕಿ ಎಡ ಬಲ ಮರೆತೆ. ಈಗ ಹೇಳಪ್ಪಾ, ಮನೇಲಿ ಯಾರು ಕೂರಬೇಕು?"

ಮೇಸ್ತ್ರಿ ಟೈಲ್ಸ್ ನೋಡಿದ, ನಲ್ಲಿ ನೋಡಿದ. "ಹಂಗಲ್ಲ ಅಣ್ಣಾ... ಸೋಮವಾರ ಇಬ್ಬರೂ ಬನ್ನಿ."

"ನನ್ನ ಕೇಳಬೇಡ. ಅವಳನ್ನ ಕೇಳು."

ಮೇಸ್ತ್ರಿ ಆ ದಿನ ಮೊದಲ ಸಲ ಅವಳ ಮುಖ ನೋಡಿದ. "ಬರ್ತೀಯೇನಮ್ಮಾ?"

ಸೊಸೆ ಇಕ್ಕಳ, ಸ್ಪ್ಯಾನರ್ ಒಂದೊಂದೇ ಒರೆಸಿ ಚೀಲಕ್ಕೆ ಹಾಕಿದಳು. ಕಾಗದವನ್ನು ಮಡಚಿ ಇಟ್ಟುಕೊಂಡಳು.

"ಬರ್ತೀನಿ," ಎಂದಳು. "ಆದ್ರೆ ನಾನು ಕೆಲಸ ಮಾಡೋ ಕಡೆ ನಿಮ್ಮ ಸುತ್ತಿಗೆ ಹೊರಗಿಟ್ಟು ಬನ್ನಿ."