ಲೇಬಲ್ ಕಿತ್ತ ಸೀಸೆ

ಕಣ್ಣು ಕೆಂಪಾದರೆ, ಚುಚ್ಚಿದರೆ, ಪಿಸುರು ಕಟ್ಟಿದರೆ ನಮ್ಮ ಬೀದಿಯವರು ಮೊದಲು ನನ್ನ ಮನೆ ಬಾಗಿಲು ತಟ್ಟುತ್ತಿದ್ದರು. ಆರೋಗ್ಯ ಕೇಂದ್ರ ಇರುವುದು ಬೀದಿಯ ಕೊನೆಯಲ್ಲೇ. ಆದರೆ ಅಲ್ಲಿ ಚೀಟಿ ಮಾಡಿಸಬೇಕು, ಬೆಂಚಿನ ಮೇಲೆ ಕಾಯಬೇಕು. ನನ್ನ ಹತ್ತಿರ ಬಂದರೆ ಎರಡು ಹನಿ, ಎರಡು ಮಾತು, ಮುಗಿಯಿತು. ಅವರು ನನಗೆ ಇಟ್ಟ ಹೆಸರು ‘ಅರ್ಧ ಡಾಕ್ಟರಮ್ಮ’. ತಮಾಷೆಗೆ ಇಟ್ಟದ್ದು. ನಾನು ಅದನ್ನು ನಿಜವೆಂದೇ ನಂಬಿ ಬೀಗುತ್ತಿದ್ದೆ. ಈಗ ನೆನೆಸಿಕೊಂಡರೆ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ನನ್ನ ಡಾಕ್ಟರಿಕೆಯ ಬಂಡವಾಳ ಒಂದೇ ಒಂದು ಪುಟ್ಟ ಸೀಸೆ. ಹಿಂದಿನ ವರ್ಷ ನನ್ನ ಕಣ್ಣಿನ ಪೊರೆ ತೆಗೆದಾಗ ಆಸ್ಪತ್ರೆಯವರು ಬರೆದುಕೊಟ್ಟ ಹನಿ. ನನಗೆ ಗುಣವಾದ ಮೇಲೂ ಸ್ವಲ್ಪ ಉಳಿದಿತ್ತು, ಎಸೆಯಲು ಮನಸ್ಸು ಬರಲಿಲ್ಲ. ಪಕ್ಕದ ಮನೆಯಾಕೆಗೆ ಒಮ್ಮೆ ಹಾಕಿದೆ, ಕೆಂಪು ಇಳಿಯಿತು. ಆಕೆ ಹನಿಯ ಹೆಸರು ಬರೆದುಕೊಂಡು ತಾನೇ ಅಂಗಡಿಯಿಂದ ತರುತ್ತೇನೆ ಎಂದಾಗ ನನಗೆ ಯಾಕೋ ಸರಿ ಬರಲಿಲ್ಲ. ಹೆಸರು ತಿಳಿದುಬಿಟ್ಟರೆ ಆಮೇಲೆ ನನ್ನನ್ನು ಕೇಳುವವರು ಯಾರು? ಅವತ್ತೇ ಸೀಸೆಯನ್ನು ಬಿಸಿನೀರಿನಲ್ಲಿ ನೆನೆಸಿ, ಉಗುರಿನಿಂದ ಕೆರೆದು ಲೇಬಲ್ ಕಿತ್ತೆ. ಖಾಲಿಯಾದಾಗಲೆಲ್ಲ ಹಳೆಯ ಚೀಟಿ ತೋರಿಸಿ ಅದೇ ಹನಿ ತರುತ್ತಿದ್ದೆ, ಮತ್ತೆ ಲೇಬಲ್ ಕೀಳುತ್ತಿದ್ದೆ.

ನನ್ನ ಮೈದುನ ಕಬ್ಬಿಣದ ಕಿಟಕಿ, ಗೇಟು ಮಾಡುವ ಶೆಡ್ಡಿನಲ್ಲಿ ಕೆಲಸ ಮಾಡುತ್ತಾನೆ. ಅಲ್ಲಿ ಕಬ್ಬಿಣ ಉಜ್ಜುವ ಮೆಷಿನ್ನಿನಿಂದ ಕಿಡಿ ಹಾರುತ್ತಲೇ ಇರುತ್ತದೆ. ಮಾಲೀಕರು ಎಲ್ಲರಿಗೂ ಕನ್ನಡಕ ಕೊಟ್ಟಿದ್ದಾರೆ. ಅವನದು ಮೊಳೆಗೆ ನೇತುಬಿದ್ದಿರುತ್ತಿತ್ತು. ಒಂದು ಸೋಮವಾರ ಬಲಗಣ್ಣಿಗೆ ಕಬ್ಬಿಣದ ಚೂರು ಬಿತ್ತು. ಜೊತೆಯವನೊಬ್ಬ ಬಟ್ಟೆಯ ತುದಿಯಿಂದ ಅದನ್ನು ಉಜ್ಜಿ ತೆಗೆದನಂತೆ. ಮನೆಗೆ ಬಂದ ಗಂಡನ ಕಣ್ಣು ನೋಡಿದ್ದೇ ನನ್ನ ಓರಗಿತ್ತಿ, ಆರೋಗ್ಯ ಕೇಂದ್ರದಲ್ಲಿ ಒಮ್ಮೆ ತೋರಿಸಿಬಿಡೋಣ ಎಂದಳು.

"ಇಷ್ಟಕ್ಕೆಲ್ಲ ಅಲ್ಲಿಗೆ ಹೋಗ್ತಾರೇನೇ? ನಾನೇನು ಸತ್ತಿದ್ದೀನಾ?" ಎಂದೆ. ಸೀಸೆ ತಂದು ಎರಡು ಹನಿ ಹಾಕಿದೆ.

ಮಾರನೆಯ ದಿನ ನೋವು ಇಳಿಯಿತು, ಕೆಂಪೂ ಕಡಿಮೆಯಾಯಿತು. ನಾನು ಓರಗಿತ್ತಿಯ ಕಡೆ ನೋಡಿ ನಕ್ಕೆ. ಬುಧವಾರ ಹಾಕಿದೆ, ಗುರುವಾರವೂ ಹಾಕಿದೆ. ಶುಕ್ರವಾರ ಬೆಳಿಗ್ಗೆ ಅವನಿಗೆ ರೆಪ್ಪೆ ತೆರೆಯಲಾಗಲಿಲ್ಲ. ಬೆಳಕು ತಾಗಿದರೆ ಸಾಕು, ಕಣ್ಣಿಂದ ನೀರು ಸುರಿಯುತ್ತಿತ್ತು. ಮೆಲ್ಲಗೆ ರೆಪ್ಪೆ ಎತ್ತಿದರೆ ಕರಿಗುಡ್ಡೆಯ ಮೇಲೆ ಸಾಸಿವೆಯಷ್ಟು ಬಿಳಿ ಚುಕ್ಕೆ. ಓರಗಿತ್ತಿ ಈ ಸಲ ನನ್ನನ್ನು ಕೇಳಲಿಲ್ಲ. ಸೀಸೆಯನ್ನು ಕೈಚೀಲಕ್ಕೆ ಹಾಕಿ, ಗಂಡನ ಕೈ ಹಿಡಿದು ಹೊರಟಳು. ನಾನೂ ಅವರ ಹಿಂದೆ ಹೋದೆ.

ಕೇಂದ್ರದ ಸಿಸ್ಟರ್ ಮೊದಲು ಸೋಪು ಹಾಕಿ ಕೈ ತೊಳೆದುಕೊಂಡರು. ಅಷ್ಟು ಜನರ ಕಣ್ಣು ಮುಟ್ಟಿದ ನಾನು ಒಂದು ದಿನವೂ ತೊಳೆದಿರಲಿಲ್ಲ. ಗೋಡೆಯ ಮೇಲಿನ ಚಾರ್ಟಿನಿಂದ ನೆಲದಲ್ಲಿ ಗುರುತು ಹಾಕಿದ ದೂರಕ್ಕೆ ಮೈದುನನನ್ನು ಕೂರಿಸಿ, ಒಂದು ಕಣ್ಣು ಮುಚ್ಚಿಸಿ ಇನ್ನೊಂದರಲ್ಲಿ ಓದಿಸಿದರು. ಎಡಗಣ್ಣು ಕೊನೆಯ ಸಾಲಿನವರೆಗೂ ಓದಿತು. ಬಲಗಣ್ಣಿಗೆ ಎಲ್ಲಕ್ಕಿಂತ ದೊಡ್ಡ ಅಕ್ಷರವೂ ಕಾಣಲಿಲ್ಲ. ಹತ್ತಿರ ಬಂದು ಬೆರಳು ತೋರಿಸಿ ಎಷ್ಟು ಎಂದು ಕೇಳಿದರು. ಅವನು ತಡವರಿಸಿ ಮೂರು ಎಂದ. ಎರಡಿದ್ದವು.

ಸಿಸ್ಟರ್ ಬಣ್ಣದ ಕಾಗದದ ಪಟ್ಟಿಯೊಂದನ್ನು ಕಣ್ಣಿಗೆ ತಾಗಿಸಿ ನೀಲಿ ಬೆಳಕು ಬಿಟ್ಟರು. ಆ ಚುಕ್ಕೆಯ ಜಾಗ ಹಸಿರಾಗಿ ಹೊಳೆಯಿತು. ಕರಿಗುಡ್ಡೆಯ ಮೇಲೆ ಹುಣ್ಣಾಗಿದೆ, ಇವತ್ತೇ ದೊಡ್ಡ ಕಣ್ಣಾಸ್ಪತ್ರೆಗೆ ಹೋಗಬೇಕು, ತಡವಾದರೆ ಈ ಕಣ್ಣು ಉಳಿಯುವುದು ಕಷ್ಟ ಎಂದರು. ಆಮೇಲೆ ಸೀಸೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇದು ಯಾವ ಔಷಧಿ? ಹೆಸರು ಗೊತ್ತಾದ್ರೆ ಅಲ್ಲಿನ ಡಾಕ್ಟರಿಗೆ ಬರೆದು ಕಳಿಸ್ತೀನಿ. ಕೊಟ್ಟಿದ್ದು ಯಾರು?"

ಬೆಂಚಿನ ತುಂಬ ನಮ್ಮ ಬೀದಿಯವರೇ ಕೂತಿದ್ದರು. ಹಳೆಯ ಚೀಟಿ ಪರ್ಸಿನಲ್ಲೇ ಇತ್ತು, ಪರ್ಸು ನನ್ನ ತೊಡೆಯ ಮೇಲೇ ಇತ್ತು. ಓರಗಿತ್ತಿ ನೆಲ ನೋಡುತ್ತ ನಿಂತಿದ್ದಳು. ಆಗ ಮೈದುನ ಬಾಯಿ ಬಿಟ್ಟ.

"ನಾನೇ ಎಲ್ಲಿಂದಲೋ ತಂದೆ ಸಿಸ್ಟರ್. ಹೆಸರು ನೆನಪಿಲ್ಲ."

ನಾಲ್ಕು ಜನರ ಮುಂದೆ ಅತ್ತಿಗೆಯ ಮಾನ ಹೋಗಬಾರದೆಂದು ಅವನು ತನ್ನ ಕಣ್ಣನ್ನೇ ಪಣಕ್ಕಿಟ್ಟಿದ್ದ. ಹುಟ್ಟಿದಾಗಿನಿಂದ ನನಗೆ ಅಷ್ಟು ನಾಚಿಕೆಯಾದದ್ದಿಲ್ಲ. ಪರ್ಸಿನ ಜಿಪ್ಪು ಎಳೆದೆ. ಚೀಟಿ ತೆಗೆದು ಸಿಸ್ಟರ್ ಕೈಗೆ ಕೊಟ್ಟೆ.

"ಅವನು ಸುಳ್ಳು ಹೇಳ್ತಿದ್ದಾನೆ. ಹಾಕಿದ್ದು ನಾನು. ನನ್ನ ಆಪರೇಷನ್ನಿನ ಹನಿ ಅದು. ಲೇಬಲ್ ಕಿತ್ತಿದ್ದೂ ನಾನೇ."

ಸಿಸ್ಟರ್ ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅವರು ಬೈಯಲಿಲ್ಲ, ಚೀಟಿ ಓದಿ ಬರೆದುಕೊಂಡರು. "ಇದರಲ್ಲಿ ಸ್ಟಿರಾಯ್ಡ್ ಇದೆ ಅಮ್ಮ. ಆಪರೇಷನ್ ಆದವರಿಗೆ ಡಾಕ್ಟರ್ ನೋಡ್ಕೊಂಡು ಕೊಡ್ತಾರೆ. ಗಾಯ ಆದ ಕಣ್ಣಿಗೆ ಹಾಕಿದ್ರೆ ನೋವು ಅಡಗುತ್ತೆ, ಹುಣ್ಣು ಮಾತ್ರ ಬೆಳೀತಾ ಹೋಗುತ್ತೆ. ಬೇರೆ ಯಾರಿಗೆಲ್ಲ ಹಾಕಿದ್ದೀರಿ?" ಎಂದರು.

ಬೆಂಚಿನ ಮೇಲಿದ್ದವರಲ್ಲಿ ಇಬ್ಬರು ಮೆಲ್ಲಗೆ ಕೈ ಎತ್ತಿದರು. ಉಳಿದವರನ್ನು ನಾನು ಬೆರಳು ಮಡಿಸಿ ಎಣಿಸಿ ಹೇಳಿದೆ.

ಸಿಸ್ಟರ್ ಸರಿಯಾದ ಔಷಧಿಯ ಹನಿ ಹಾಕಿದರು. ಪಟ್ಟಿ ಕಟ್ಟಲಿಲ್ಲ. ಹುಣ್ಣಾದ ಕಣ್ಣಿಗೆ ಪಟ್ಟಿ ಕಟ್ಟಬಾರದಂತೆ, ಸೋಂಕು ಒಳಗೇ ಹೆಚ್ಚುತ್ತದಂತೆ. ಕಾಗದ ಬರೆದು, ಫೋನ್ ಮಾಡಿ ಮೈದುನನನ್ನು ಕಣ್ಣಾಸ್ಪತ್ರೆಗೆ ಕಳಿಸಿದರು. ಮಾರನೆಯ ದಿನ ನಾನು ಹನಿ ಹಾಕಿದ ಹನ್ನೊಂದು ಮನೆಗಳ ಬಾಗಿಲನ್ನೂ ತಟ್ಟಿದೆ. ಒಂದೊಂದು ಬಾಗಿಲಲ್ಲೂ ತಪ್ಪು ಒಪ್ಪಿಕೊಂಡು, ಕಣ್ಣು ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಕೇಳಿಕೊಂಡೆ.

ಮೈದುನನ ಕಣ್ಣು ಉಳಿಯಿತು, ಕಲೆಯೂ ಉಳಿಯಿತು. ಈಗ ಆ ಕಣ್ಣು ಚಾರ್ಟಿನ ನಾಲ್ಕನೆಯ ಸಾಲಿಗೇ ನಿಲ್ಲುತ್ತದೆ. ಶೆಡ್ಡಿನಲ್ಲಿ ಕನ್ನಡಕ ಮೊಳೆಯಿಂದ ಅವನ ಮೂಗಿಗೆ ಬಂದಿದೆ. ಅವನು ಇಂದಿಗೂ ನನ್ನನ್ನು ಒಂದು ಮಾತು ಅಂದಿಲ್ಲ. ಅದೇ ನನಗೆ ತಡೆಯಲಾಗದ್ದು.

ಬೀದಿಯವರು ಈಗಲೂ ನನ್ನ ಬಾಗಿಲು ತಟ್ಟುತ್ತಾರೆ. ನಾನು ಚಪ್ಪಲಿ ಮೆಟ್ಟಿಕೊಂಡು ಅವರ ಜೊತೆ ಆರೋಗ್ಯ ಕೇಂದ್ರದವರೆಗೆ ನಡೆಯುತ್ತೇನೆ, ಬೆಂಚಿನ ಮೇಲೆ ಕಾಯುತ್ತೇನೆ.

ಇದನ್ನು ಓದುತ್ತಿರುವ, ಕೇಳುತ್ತಿರುವ ನನ್ನ ಅಕ್ಕಂದಿರೇ, ತಮ್ಮಂದಿರೇ, ಕಣ್ಣಿಗೆ ಧೂಳು ಬಿದ್ದರೆ ಉಜ್ಜಬೇಡಿ, ಶುದ್ಧ ನೀರಿನಿಂದ ತೊಳೆಯಿರಿ. ಚೂರು ಅಂಟಿಕೊಂಡಿದ್ದರೆ ನೀವೇ ತೆಗೆಯಬೇಡಿ. ಕೆಂಪಿನ ಜೊತೆ ನೋವಿದ್ದರೆ, ಬೆಳಕು ಸಹಿಸಲಾಗದಿದ್ದರೆ, ಮಂಜಾದರೆ, ಬಿಳಿ ಚುಕ್ಕೆ ಕಂಡರೆ ಅದೇ ದಿನ ಕೇಂದ್ರಕ್ಕೆ ಹೋಗಿ. ಮನೆಯ ಗೂಡಿನಲ್ಲಿ ಹಳೆಯ ಹನಿಯ ಸೀಸೆ ಇದ್ದರೆ ಇವತ್ತೇ ಎಸೆಯಿರಿ. ಈಗಾಗಲೇ ಯಾರಿಗಾದರೂ ಹಾಕಿದ್ದರೆ ಸೀಸೆ ತೆಗೆದುಕೊಂಡೇ ಹೋಗಿ, ಕೇಳಿದ ಕೂಡಲೇ ನಿಜ ಹೇಳಿ. ಹೇಳುವಾಗ ಮುಖ ಸುಡುತ್ತದೆ, ನಾನು ಬಲ್ಲೆ. ಆದರೂ ಹೇಳಿ, ನಿಮ್ಮ ಮಾನ ಉಳಿಸಲು ಇನ್ನೊಬ್ಬರು ಕಣ್ಣು ಕಳೆದುಕೊಳ್ಳಬಾರದು.