ಹಸಿರು ಪಟ್ಟಿಯ ಗಂಟು

ಚಾದರ ಎನ್ನುವುದು ಒಬ್ಬರ ಕೈಗೆ ಬಗ್ಗುವ ವಸ್ತುವಲ್ಲ, ಎರಡು ಮೂಲೆ ಹಿಡಿದರೆ ಇನ್ನೆರಡು ನೆಲ ಗುಡಿಸುತ್ತವೆ, ಒಂದನ್ನು ಗದ್ದದ ಕೆಳಗೆ ಒತ್ತಿಕೊಂಡು ತೋಳು ಚಾಚಿದರೆ ನಡುವೆ ಹೊಟ್ಟೆ ಬಿಡುತ್ತದೆ, ಇಪ್ಪತ್ತಾರು ವರ್ಷ ಲಾಂಡ್ರಿಯಲ್ಲಿ ದಿನಕ್ಕೆ ಮುನ್ನೂರು ಚಾದರ ಮಡಿಸಿದವಳಿಗೆ ಮಗಳ ಮನೆಯ ಒಂದು ಚಾದರ ಮಡಿಸಲು ಬರುವುದಿಲ್ಲ ಎಂದರೆ ಯಾರಾದರೂ ನಗುತ್ತಾರೆ, ನಗಲಿ, ಅಲ್ಲಿ ಎದುರಿಗೆ ಉದ್ದಕ್ಕ ಇದ್ದಳು. ಉದ್ದಕ್ಕನ ಕೈಯಲ್ಲಿ ಎರಡು ಮೂಲೆ, ಇವಳ ಕೈಯಲ್ಲಿ ಎರಡು, ಒಂದು ಸಲ ಝಾಡಿಸುವುದು, ಮೂಲೆಗೆ ಮೂಲೆ ಕೂಡಿಸುವುದು, ನಡೆದು ಬಂದು ಬೆರಳಿಗೆ ಬೆರಳು ತಾಗಿಸಿ ಒಪ್ಪಿಸುವುದು, ಮತ್ತೆ ಹಿಂದೆ ಸರಿಯುವುದು, ಕಣ್ಣು ಮುಚ್ಚಿಕೊಂಡು ಮಾಡುತ್ತಿದ್ದರು. ಏ ಗಿಡ್ಡೀ, ಸ್ಟೂಲು ಹತ್ತೇ, ಇಲ್ಲಾಂದ್ರೆ ನೀರೆಲ್ಲ ನಿನ್ನ ಕಡೆಗೇ ಇಳಿದು ನೆಗಡಿ ಆಗುತ್ತೆ ನಿಂಗೆ. ನೀನೇ ಸ್ವಲ್ಪ ಕುಗ್ಗು ಉದ್ದಕ್ಕ, ಅಷ್ಟೆತ್ತರದಲ್ಲಿ ನಿಂತು ಯಾರ ದಾರಿ ಕಾಯ್ತಿದ್ದೀಯ. ಒಬ್ಬಳು ತೆಂಗಿನಷ್ಟು ಒಬ್ಬಳು ತುಂಬೆಯಷ್ಟು, ಚಾದರ ಯಾವಾಗಲೂ ವಾಲಿಕೊಂಡೇ ಇರುತ್ತಿತ್ತು, ಆದರೂ ಮಡಿಕೆ ಒಂದು ನೂಲು ತಪ್ಪುತ್ತಿರಲಿಲ್ಲ. ಬೆರಳಿಗೆ ಬೆರಳು ತಾಗಿದಾಗ ಅವಳ ಬೆರಳು ಬೆಚ್ಚಗೆ, ಒದ್ದೆಯಾಗಿ, ಬಲಗೈಯ ಹೆಬ್ಬೆರಳಿನ ಪಕ್ಕದಲ್ಲಿ ಒಂದು ಸಣ್ಣ ನರೂಲಿ — ಬೇಡ, ಚಾದರ ನೋಡು, ಮತ್ತೆ ಜಾರಿತು.

ಕಪಾಟಿನ ಮೇಲಿನ ಅರೆಯಲ್ಲಿ ದಿಂಬಿನ ಚೀಲಗಳ ಕೆಳಗೆ ಎರಡು ಲಕೋಟೆ ಇವೆ, ಒಂದು ಉದ್ದಕ್ಕನಿಂದ ಬಂದದ್ದು, ಬಂದು ಹನ್ನೊಂದು ತಿಂಗಳು, ಇನ್ನೊಂದು ಇವತ್ತು ಬೆಳಿಗ್ಗೆ ಇವಳೇ ಬರೆದು ಅಂಚೆಚೀಟಿ ಅಂಟಿಸಿಟ್ಟದ್ದು. ಉದ್ದಕ್ಕನ ಕಾಗದದ ಅಕ್ಷರಗಳೆಲ್ಲ ಒಂದೇ ಕಡೆಗೆ ವಾಲಿವೆ, ಗಾಳಿಗೆ ಬಾಗಿದ ಹುಲ್ಲಿನ ಹಾಗೆ, ಎಡಗೈಯಲ್ಲಿ ಕಲಿತ ಅಕ್ಷರ ಅದು, ಎಷ್ಟು ವರ್ಷ ತಗೊಂಡಳೋ. ಗಿಡ್ಡೀ ಚೆನ್ನಾಗಿದ್ದೀಯಾ, ನನಗೆ ಈಗ ದುಡ್ಡುಗಿಡ್ಡು ಏನೂ ಬೇಡ, ಆ ಲಾಂಡ್ರಿಯೂ ಮುಚ್ಚಿತಂತೆ, ಆದರೆ ಹಳೆಯ ಫೈಲಿನಲ್ಲಿ ಆ ಸರಳಿನ ಗಂಟು ನಾನೇ ಹಾಕಿದೆ ಅಂತ ಇದೆ, ನಮ್ಮ ಯಜಮಾನರು ಅದನ್ನೇ ನಂಬಿಕೊಂಡು ಹೋಗಿಬಿಟ್ಟರು, ನಿನ್ನ ದುರಾಸೆ ನಿನ್ನ ಕೈ ತಿಂತು ಅಂತಿದ್ದರು, ಗಂಟು ಹಾಕಿದ್ದು ಇವಳಲ್ಲ ಅಂತ ನೀನು ಎರಡು ಸಾಲು ಬರೆದುಕೊಡು, ನಿನ್ನ ಮೇಲೆ ನನಗೆ ಕೋಪ ಇಲ್ಲ, ನಿನಗೆ ಆಗ ಓದೋಕೆ ಬರುತ್ತಿತ್ತೇ, ಬರೆದಿಟ್ಟದ್ದರ ಕೆಳಗೆ ರುಜು ಮಾಡಿಸಿಕೊಂಡರು ಪಾಪಿಗಳು. ನಿನಗೆ ಆಗ ಓದೋಕೆ ಬರುತ್ತಿತ್ತೇ. ಆ ಒಂದು ಸಾಲು ದಾಟಿ ಮುಂದೆ ಹೋಗಲು ಹನ್ನೊಂದು ತಿಂಗಳು ಬೇಕಾಯಿತು.

ಎಷ್ಟು ಕಾಗದ ಹರಿದಳು. ಪ್ರತಿಯೊಂದರಲ್ಲೂ ಅದೇ, ಉದ್ದಕ್ಕ, ನನಗೆ ಆಗ ಏನೂ ತಿಳಿಯುತ್ತಿರಲಿಲ್ಲ, ಅಲ್ಲಿಗೆ ಬಂದ ಕೂಡಲೇ ಪೆನ್ನು ನಿಲ್ಲುತ್ತಿತ್ತು, ಗೇರಿನಿಂದ ಚೈನು ಕಳಚಿದ ಸೈಕಲ್ಲಿನ ಹಾಗೆ ಕೈ ಸುಮ್ಮನೆ ತುಳಿಯುತ್ತಿತ್ತು.

ರೋಲರು ಮಂಚದಷ್ಟು ಅಗಲ, ಒಳಗೆ ಹಬೆ, ಒದ್ದೆ ಚಾದರವನ್ನು ಇಬ್ಬರೂ ಎರಡು ತುದಿ ಹಿಡಿದು ಬಾಯಿಗೆ ಕೊಟ್ಟರೆ ಹಿಂದಿನಿಂದ ಗರಿಗರಿಯಾಗಿ ಬರುತ್ತದೆ, ಬಾಯಿಯ ಮುಂದೆ ಅಡ್ಡಕ್ಕೆ ಒಂದು ತೆಳು ಸರಳು, ಬೆರಳು ತಾಗಿದರೆ ಸಾಕು ರೋಲರು ಗಕ್ಕನೆ ನಿಲ್ಲಬೇಕು, ಅದಕ್ಕೇ ಇರುವ ಸರಳು ಅದು. ಆದರೆ ಚಾದರದ ದಪ್ಪ ಅಂಚು ತಾಗಿದರೂ ನಿಲ್ಲುತ್ತಿತ್ತು, ಗಂಟೆಗೆ ಹತ್ತು ಸಲ, ಎಣಿಕೆಯ ಮೇಲೆ ಕೂಲಿ, ನಿಂತಷ್ಟೂ ನಷ್ಟ. ಅವತ್ತು ಉದ್ದಕ್ಕ ತಡವಾಗಿ ಬಂದಳು, ಅತ್ತೆಗೆ ಔಷಧಿ ತರಲು ಹೋಗಿದ್ದಳು, ಮೇಸ್ತ್ರಿ ಬಂದು ನಿಂತ — ಏನಮ್ಮಾ, ಆಸ್ಪತ್ರೆಯವರು ಮಧ್ಯಾಹ್ನಕ್ಕೆ ಕೇಳ್ತಿದ್ದಾರೆ, ಆ ದರಿದ್ರ ಸರಳನ್ನ ಎತ್ತಿ ಕಟ್ಟಿಹಾಕು ಅತ್ಲಾಗೆ. ಇವಳು ಹರಿದ ಚಾದರದಿಂದ ಹಸಿರು ಅಂಚಿನ ಪಟ್ಟಿಯೊಂದನ್ನು ಪರ್ರನೆ ಸೀಳಿದಳು, ಸರಳಿಗೆ ಎರಡು ಸುತ್ತು, ಮೇಲಿನ ಕೊಕ್ಕೆಗೆ ಒಂದು ಸುತ್ತು, ಗಂಟು, ಅದರ ಮೇಲೊಂದು ಗಂಟು, ಸಡಿಲ ಅನ್ನಿಸಿ ಹಲ್ಲಿನಲ್ಲಿ ತುದಿ ಕಚ್ಚಿ ಇನ್ನೊಮ್ಮೆ ಎಳೆದಳು, ಚೆನ್ನಾಗಿ ಕೂತಿತು. ಕೆಲಸದಲ್ಲಿ ಅಚ್ಚುಕಟ್ಟು ಇವಳದು. ಉದ್ದಕ್ಕ ಬಂದು ನೋಡಿದಳು, ಯಾರೇ ಇದನ್ನ ಕಟ್ಟಿದ್ದು? ಮೇಸ್ತ್ರಿ, ಅಂದುಬಿಟ್ಟಳು. ಯಾಕೆ ಹಾಗಂದಳೋ, ಸುಳ್ಳು ಹೇಳುವ ಅಗತ್ಯವೇ ಇರಲಿಲ್ಲ ಆಗ, ನಾಲಿಗೆ ಮೊದಲೇ ದಾರಿ ನೋಡಿಟ್ಟುಕೊಂಡಿತ್ತೇ. ಮೂರು ದಿನ ಎಲ್ಲ ಸಲೀಸು. ನಾಲ್ಕನೆಯ ದಿನ ಚಾದರದಲ್ಲಿ ಒಂದು ಸುಕ್ಕು, ಉದ್ದಕ್ಕ ಸುಕ್ಕು ತೆಗೆಯಲು ಬಲಗೈ ಚಾಚಿದಳು. ಕೂಗಲಿಲ್ಲ ಮೊದಲು. ಗಿಡ್ಡೀ, ಅಂದಳು, ಸಣ್ಣ ದನಿಯಲ್ಲಿ, ಏನೋ ಮರೆತವಳ ಹಾಗೆ. ಇವಳು ಸರಳು ಒತ್ತಿದಳು, ಎರಡೂ ಕೈಯಿಂದ ಒತ್ತಿದಳು, ಸರಳು ಅಲ್ಲಾಡಲಿಲ್ಲ, ಗಂಟು ಅಷ್ಟು ಗಟ್ಟಿಯಾಗಿತ್ತು.

ಉದ್ದಕ್ಕನ ಕೈ ಹೋಗುವ ಮೊದಲು, ಆ ವರ್ಷವೇ ಸಂಜೆ ಶಾಲೆ, ಪಾಳಿ ಮುಗಿದ ಮೇಲೆ ಒಂದೂವರೆ ಗಂಟೆ, ಮಕ್ಕಳ ಬೆಂಚಿನಲ್ಲಿ ಉದ್ದಕ್ಕನ ಮಂಡಿ ಹಿಡಿಸುತ್ತಿರಲಿಲ್ಲ, ಪಕ್ಕಕ್ಕೆ ತಿರುಗಿ ಕೂರುತ್ತಿದ್ದಳು. ಇವಳನ್ನು ಎಳೆದುಕೊಂಡು ಹೋದವಳು ಅವಳೇ, ಬಾರೇ, ಬಸ್ಸಿನ ಬೋರ್ಡಾದರೂ ಓದೋಣ. ಒಂದು ದಿನ ಮೇಷ್ಟ್ರು ಕೇಳಿದರು, ದುಡ್ಡು ಕೊಟ್ಟರೆ ನಿಮ್ಮ ಆತ್ಮ ಮಾರ್ತೀರಾ, ಒಬ್ಬೊಬ್ಬರಾಗಿ ಎದ್ದು ನಿಂತು ಮಾತಾಡಿ, ಮಾತಾಡೋದೂ ಪಾಠವೇ. ತರಕಾರಿ ಗಾಡಿಯವನು ಎದ್ದು, ಎಷ್ಟು ಕೊಡ್ತಾರೆ ಅಂತ ಮೊದಲು ಹೇಳಿ ಸಾರ್, ಅಂದ. ಉದ್ದಕ್ಕ ಬೆಂಚಿನಿಂದ ಮಂಡಿ ಬಿಡಿಸಿಕೊಂಡು ಎದ್ದು, ತೊಳೆದು ಮಾರಬೇಕಾ ಮೇಷ್ಟ್ರೇ, ಹಾಗೇ ಕೊಟ್ಟರೆ ನಡೆಯುತ್ತಾ, ನನ್ನದು ಇಷ್ಟು ವರ್ಷದಿಂದ ಒಗೆದಿಲ್ಲ, ರೇಟು ಇಳಿದಿರಬಹುದು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಇವಳ ಸರದಿ ಬಂತು, ಎದ್ದು ನಿಂತಳು, ಕಿವಿ ಬಿಸಿಯಾಗಿತ್ತು, ಮಾರೋದಿಲ್ಲ, ಅಂದು ಕೂತಳು. ಶಭಾಷ್, ಅಂದರು ಮೇಷ್ಟ್ರು. ಆ ಶಭಾಷ್ ಈಗಲೂ ಬೆನ್ನ ಮೇಲೆ ಇದೆ, ಬಿಸಿ ಇಸ್ತ್ರಿಪೆಟ್ಟಿಗೆ ಇಟ್ಟ ಹಾಗೆ. ಆಮೇಲೆ ಅತ್ತೆ ಹಾಸಿಗೆ ಹಿಡಿದು ಉದ್ದಕ್ಕ ಶಾಲೆ ಬಿಟ್ಟಳು, ಇವಳು ಬಿಡಲಿಲ್ಲ, ಯಾರಿಗೂ ಹೇಳದೆ ಹೋದಳು, ಒಂದು ದಿನ ಚಾದರ ಮಡಿಸುತ್ತಾ ಇದ್ದಕ್ಕಿದ್ದಂತೆ ಪೇಪರು ತೆಗೆದು ಗಡಗಡ ಓದಿ ಉದ್ದಕ್ಕನ ಬಾಯಿ ಮುಚ್ಚಿಸಬೇಕು ಅಂತ. ಆ ದಿನ ಬರಲೇ ಇಲ್ಲ.

ಮ್ಯಾನೇಜರ ಕೋಣೆಯಲ್ಲಿ ಫ್ಯಾನು ಕಟಕಟ ಅನ್ನುತ್ತಿತ್ತು, ಅಪಘಾತದ ವಿಚಾರಣೆಗೆ ಇನ್ಸ್‌ಪೆಕ್ಟರು ನಾಳೆ ಬರುತ್ತಾರಂತೆ, ನಾಲ್ಕು ಜನ ಹೆಂಗಸರು ಸಾಲಾಗಿ ನಿಂತು ಒಬ್ಬೊಬ್ಬರಾಗಿ ಮಸಿಯಲ್ಲಿ ಹೆಬ್ಬೆಟ್ಟು ಅದ್ದಿ ಒತ್ತಿ ಸೆರಗಿಗೆ ಒರೆಸಿಕೊಂಡು ಹೋದರು, ಏನು ಬರೆದಿದೆ ಅಂತ ಒಬ್ಬಳೂ ಕೇಳಲಿಲ್ಲ, ಕೇಳಿದ್ದರೆ ತಾನೆ ಯಾರು ಹೇಳುತ್ತಿದ್ದರು. ಇವಳ ಮುಂದೆಯೂ ಮಸಿ ಸರಿಸಿದರು. ಇವಳ ಕಣ್ಣು ಆಗಲೇ ಓದತೊಡಗಿತ್ತು, ಬೇಡವೆಂದರೂ ಓದುತ್ತದೆ, ಕಲಿತ ಮೇಲೆ ಕಣ್ಣಿಗೆ ಬಾಗಿಲಿಲ್ಲ. ಸದರಿ ಕೆಲಸಗಾರ್ತಿಯು ಹೆಚ್ಚು ಕೂಲಿಯ ಆಸೆಯಿಂದ ಸುರಕ್ಷತಾ ಸರಳನ್ನು ಸ್ವತಃ ಕಟ್ಟಿದ್ದನ್ನು ನಾವು ಕಣ್ಣಾರೆ ಕಂಡಿರುತ್ತೇವೆ. ಒಂದು ಸಲ ಓದಿದಳು. ಎರಡನೆಯ ಸಲ ಓದಿದಳು. ಸ್ವತಃ ಎನ್ನುವ ಮಾತು ಹೊಸದು, ಮೊನ್ನೆಯಷ್ಟೇ ಪಾಠದಲ್ಲಿ ಬಂದಿತ್ತು, ಗುರುತು ಸಿಕ್ಕಿ ಒಂದು ಚಣ ಖುಷಿಯಾಯಿತು — ಆ ಖುಷಿಗೆ ಏನು ಹೇಳುತ್ತೀಯ, ಅದನ್ನು ಯಾವ ಸೋಪಿನಲ್ಲಿ ತೊಳೆಯುತ್ತೀಯ. ಮಗಳಿಗೆ ನರ್ಸ್ ಓದಿಸಬೇಕು ಅಂತಿದ್ದೆಯಲ್ಲಮ್ಮಾ, ಮ್ಯಾನೇಜರು ಮೇಜಿನ ಮೇಲೆ ಕಂದು ಲಕೋಟೆ ಇಟ್ಟರು, ಬೇರೆಯವರ ಮುಂದೆ ಇಡಲಿಲ್ಲ, ಇವಳೊಬ್ಬಳ ಮುಂದೆ. ಅಂದರೆ ಮೇಸ್ತ್ರಿ ಹೇಳಿದ್ದ, ಕಟ್ಟಿದ ಕೈ ಯಾವುದೆಂದು ಅವರಿಗೆ ಗೊತ್ತಿತ್ತು. ಪೆನ್ನು ಕೊಡಿ ಸಾರ್, ಅಂದಳು. ಓಹೋ, ರುಜು ಹಾಕ್ತೀಯಾ! ಹೆಬ್ಬೆಟ್ಟು ಒತ್ತಿದ್ದರೆ ಐವರಲ್ಲಿ ಒಬ್ಬಳಾಗಿ ಉಳಿಯುತ್ತಿದ್ದಳು, ಜಂಬ, ಕಲಿತ ಜಂಬ, ಹುಟ್ಟಿದ ಮೇಲೆ ಮೊದಲ ಸಲ ಒಂದು ನಿಜವಾದ ಕಾಗದದ ಮೇಲೆ ತನ್ನ ಹೆಸರು, ದುಂಡಗೆ, ಗೆರೆ ಬಿಟ್ಟು ಕೆಳಗಿಳಿಯದ ಹಾಗೆ. ಲಕೋಟೆಯಲ್ಲಿ ಎಷ್ಟಿತ್ತೆಂದು ಎಣಿಸಲಿಲ್ಲ, ಹಾಗೆಯೇ ಒಯ್ದು ಕಾಲೇಜಿನ ಕಿಟಕಿಯಲ್ಲಿ ಕೊಟ್ಟಳು, ಎಣಿಸದಿದ್ದರೆ ಮಾರಿದ ಹಾಗಲ್ಲ ಅಂದುಕೊಂಡಳೇನೋ, ಹುಚ್ಚಿ. ಬೋನಸ್ ಬಂತು ಕಣೇ, ಅಂದಳು ಮಗಳಿಗೆ. ಆಸ್ಪತ್ರೆಗೆ ಹೋಗಿ ಉದ್ದಕ್ಕನನ್ನು ನೋಡಲಿಲ್ಲ, ವಾರ್ಡಿನ ಬಾಗಿಲ ತನಕ ಹೋದಳು, ಸಾಲು ಮಂಚ, ಎಲ್ಲ ಮಂಚದ ಮೇಲೂ ಹಸಿರು ಅಂಚಿನ ಚಾದರ, ತಾವೇ ಇಸ್ತ್ರಿ ಮಾಡಿದವು, ಅಲ್ಲಿಂದಲೇ ತಿರುಗಿದಳು.

ಬಾಗಿಲು ಸದ್ದಾಯಿತು, ಮಗಳು, ಪಾಳಿ ಮುಗಿಯಿತು, ಬಿಳಿ ಸಮವಸ್ತ್ರ, ಚಪ್ಪಲಿ ಕಳಚುತ್ತಲೇ ಶುರು — ಅಯ್ಯೋ ಅಮ್ಮಾ, ಚಾದರದ ಜೊತೆ ಕುಸ್ತಿ ಆಡ್ತಿದ್ದೀಯಾ, ಕೊಡಿಲ್ಲಿ ಒಂದು ಕಡೆ. ಎರಡು ಮೂಲೆ ಮಗಳ ಕೈಗೆ ಹೋದವು, ಝಾಡಿಸಿದರು. ಕಪಾಟು ತೆರೆದೇ ಇದೆ, ಲಕೋಟೆಯ ಅಂಚು ಕಾಣುತ್ತಿದೆ, ಮಗಳ ಕಣ್ಣಿಗೂ ಬಿತ್ತು. ಆ ಅಮ್ಮನಿಗೆ ಕೊನೆಗೂ ಬರೆದೆಯಾ, ಒಳ್ಳೇದಾಯ್ತು ಬಿಡು, ಎಷ್ಟು ದಿನ ಕೊರಗ್ತೀಯ, ನೀನು ತಾನೇ ಏನು ಮಾಡೋಕಾಗ್ತಿತ್ತು, ಓದೋಕೆ ಬರೋದಿಲ್ಲದವಳ ಹತ್ತಿರ ರುಜು ಮಾಡಿಸಿಕೊಂಡ್ರು. ಮೂಲೆಗೆ ಮೂಲೆ ಕೂಡಿಸು, ನಡೆದು ಹೋಗು, ಬೆರಳಿಗೆ ಬೆರಳು ತಾಗಿತು, ಮಗಳ ಬೆರಳು ಬೆಚ್ಚಗೆ. ಬರ್ತಿತ್ತು, ಅಂದಳು. ಏನು ಬರ್ತಿತ್ತು? ಓದೋಕೆ. ಎರಡು ಸಲ ಓದಿದೆ ಕಣೇ, ಆಮೇಲೇ ರುಜು ಹಾಕಿದ್ದು, ಆ ಗಂಟು ಹಾಕಿದ್ದೂ ನಾನೇ. ಚಾದರ ನಡುವೆ ನಿಂತಿತು. ಮಗಳು ಮೂಲೆ ಬಿಡಲಿಲ್ಲ, ಬಿಟ್ಟಿದ್ದರೆ ಚೆನ್ನಾಗಿತ್ತು, ಕೊನೆಯ ಮಡಿಕೆಯನ್ನು ಮಡಿಸಿ, ಅಂಗೈಯಿಂದ ಒತ್ತಿ, ಅರೆಯಲ್ಲಿಟ್ಟು, ತನ್ನ ಬಿಳಿ ತೋಳನ್ನು ಒಮ್ಮೆ ನೋಡಿಕೊಂಡಳು. ಬೋನಸ್ ಅಂದೆಯಲ್ಲಮ್ಮಾ ಆಗ, ಆ ದುಡ್ಡಾ? ಹೂಂ. ಮಗಳು ಒಳಗೆ ಹೋದಳು, ನಲ್ಲಿಯ ಸದ್ದು, ಕೈ ತೊಳೆಯುತ್ತಿದ್ದಾಳೆ, ಬಂದ ಕೂಡಲೇ ತೊಳೆಯುವುದೇ ಅವಳ ಅಭ್ಯಾಸ, ಇವತ್ತು ನಿಲ್ಲಿಸುತ್ತಲೇ ಇಲ್ಲ, ನೀರು ಬೀಳುತ್ತಲೇ ಇದೆ.

ಲಕೋಟೆ ಹಿಡಿದು ಮೆಟ್ಟಿಲಿಳಿದಳು, ಯಾರಾದರೂ ನಿಲ್ಲಿಸಿಯಾರು ಎಂದು ಎರಡು ಸಲ ತಿರುಗಿ ನೋಡಿದಳು, ಯಾರೂ ನಿಲ್ಲಿಸಲಿಲ್ಲ, ಬೇಕರಿಯ ಮುಂದೆ, ಬೀಗ ರಿಪೇರಿಯವನ ಮುಂದೆ, ಏನಜ್ಜೀ ಬಿಸಿಲಲ್ಲಿ, ಹೀಗೇ ಕಣಪ್ಪಾ. ಏನೇನು ಬರೆದಿದ್ದಾಳೆ ಅದರಲ್ಲಿ, ಕಷ್ಟವಿತ್ತು ಅಂತ ಬರೆದಿಲ್ಲ, ಮೇಸ್ತ್ರಿ ಹೇಳಿದ ಅಂತ ಬರೆದು ಹೊಡೆದುಹಾಕಿದಳು, ಕ್ಷಮಿಸು ಅನ್ನಲು ಮುಖವಿರಲಿಲ್ಲ. ಉದ್ದಕ್ಕ, ಗಂಟು ಹಾಕಿದ್ದು ನಾನು, ನನಗೆ ಆಗ ಓದೋಕೆ ಬರುತ್ತಿತ್ತು, ಓದಿಯೇ ರುಜು ಹಾಕಿದೆ, ದುಡ್ಡು ತಗೊಂಡೆ, ಈ ಕಾಗದವನ್ನು ಯಾರಿಗೆ ಬೇಕಾದರೂ ತೋರಿಸು. ಕೆಳಗೆ ಹೆಸರು, ಅದೇ ರುಜು. ಅಂಚೆಪೆಟ್ಟಿಗೆಯ ಬಾಯಿಗೆ ತಗಡಿನ ಮುಚ್ಚಳ, ಒತ್ತಿದರೆ ಒಳಕ್ಕೆ ಹೋಗುತ್ತದೆ, ಲಕೋಟೆ ಹಿಡಿದ ಬಲಗೈ ಮಣಿಕಟ್ಟಿನ ತನಕ ಒಳಗೆ, ಒಳಗೆ ಬಿಸಿ, ಬಿಸಿಲಿಗೆ ಕಾದ ಕಬ್ಬಿಣ, ಬೆರಳು ಸಡಿಲಿಸು, ಸಡಿಲಿಸು, ಬಿತ್ತು, ಒಣ ಎಲೆ ಬಿದ್ದಷ್ಟೇ ಸದ್ದು. ಕೈ ಹೊರಗೆ ಬಂತು, ಐದು ಬೆರಳೂ ಬಂದವು, ಸುಮ್ಮನೆ, ಏನೂ ಆಗದೆ. ಮುಚ್ಚಳ ಹಿಂದಕ್ಕೆ ಬಂದು ಬಡಿಯಿತು. ಇನ್ನು ಮನೆಗೆ ಹೋಗಬೇಕು, ನಲ್ಲಿ ನಿಂತಿದೆಯೋ ಇಲ್ಲವೋ, ಹೋಗಬೇಕು, ಕಾಲು ಎತ್ತಬೇಕು, ಎರಡು ಸುತ್ತು ಸರಳಿಗೆ, ಒಂದು ಸುತ್ತು ಕೊಕ್ಕೆಗೆ, ಹಸಿರು ಪಟ್ಟಿ, ಗಂಟು, ಅದರ ಮೇಲೊಂದು ಗಂಟು, ಹಲ್ಲಿನ ನಡುವೆ ಬಟ್ಟೆಯ ಸೋಪಿನ ರುಚಿ, ಇನ್ನೊಮ್ಮೆ ಎಳೆದಳು, ಚೆನ್ನಾಗಿ ಕೂತಿತು.